ಗೋಬರ್ ಗ್ಯಾಸು ಮತ್ತು ಅಟ್ಟದ ಕಾಯಿ

ಅಂಗಡಿಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ನೀವೂ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿರುತ್ತೀರಿ. ಒಳಗೆ ನೀರು ಕುಲುಕಿದರೆ ಕಾಯಿ ಒಳ್ಳೆಯದು, ಧೈರ್ಯವಾಗಿ ಚೀಲಕ್ಕೆ ಹಾಕಿಕೊಳ್ಳಬಹುದು. ಮದುವೆಯಾಗುವವರೆಗೆ ನಾನೂ ಹಾಗೆಯೇ ತಿಳಿದಿದ್ದವಳು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹಂದನಕೆರೆಯ ಮಗ್ಗುಲಿನ ಒಂದು ಊರಿಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ಇಲ್ಲಿಯವರು ಕಾಯಿ ಅಲ್ಲಾಡಿಸುವುದು ಒಳಗೆ ನೀರಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದಕ್ಕೆ ಎಂದು. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಒಳಗಿನ ನೀರು ತನ್ನಷ್ಟಕ್ಕೆ ಇಂಗಿ, ತಿರುಳು ಚಿಪ್ಪಿನ ಋಣ ಹರಿದುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆ ಸದ್ದು ಬಂದ ಮೇಲೆ ಸುಲಿದು ಚಿಪ್ಪು ಒಡೆದರೆ ಇಡೀ ಕೊಬ್ಬರಿ ಚೆಂಡಿನ ಹಾಗೆ ಕೈಗೆ ಬರುತ್ತದೆ, ಮೂಟೆ ಸೇರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅದೇ ಕಾಯಿ, ಅದೇ ಕಿವಿ. ಊರು ಬದಲಾದರೆ ಕೇಳಬೇಕಾದ ಸದ್ದೂ ಬದಲಾಗುತ್ತದೆ.

ನನ್ನ ತವರು ತುರುವೇಕೆರೆ. ಅಲ್ಲೇನು ತೆಂಗಿಗೆ ಬರವೇ ಎಂದು ನೀವು ಕೇಳಬಹುದು. ಬರವಿಲ್ಲ, ಆದರೆ ನನ್ನ ತಂದೆ ಅಂಚೆ ಕಚೇರಿಯಲ್ಲಿದ್ದವರು, ನಮ್ಮ ಮನೆಗೆ ಕಾಯಿ ಬರುತ್ತಿದ್ದುದು ಸಂತೆಯಿಂದ, ಅಡುಗೆ ಆಗುತ್ತಿದ್ದುದು ಸೀಮೆಎಣ್ಣೆ ಸ್ಟವ್ವಿನ ಮೇಲೆ. ಹಾಗಾಗಿ ಸುತ್ತ ತೆಂಗಿನ ತೋಟಗಳನ್ನೇ ನೋಡುತ್ತ ಬೆಳೆದರೂ ತೆಂಗಿನ ವಿಚಾರದಲ್ಲಿ ನಾನು ಪೇಟೆಯವಳೇ. ಪಿಯುಸಿ ಓದಿದ್ದೆ, ಅಕ್ಷರ ದುಂಡಾಗಿತ್ತು, ಅರ್ಜಿ ಬರೆಯಲು ಬರುತ್ತಿತ್ತು. ಇಷ್ಟು ಬಂಡವಾಳದ ಮೇಲೆ ನಾನು ಗಂಡನ ಮನೆಯಲ್ಲಿ ಬಲು ಬೇಗ ತಿಳಿದವಳು ಎನಿಸಿಕೊಂಡೆ. ತಿಳಿದವರು ಮನೆಗೊಬ್ಬರಿದ್ದರೆ ಆಗುವ ಅನಾಹುತಗಳ ಪೈಕಿ ಒಂದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಆ ಮನೆಯ ಅಡುಗೆಮನೆಯನ್ನು ನೀವು ನೋಡಬೇಕಿತ್ತು. ಕೆಳಗೆ ಎರಡು ಬಾಯಿಯ ಮಣ್ಣಿನ ಒಲೆ, ಮೇಲೆ ನಾಡಹೆಂಚಿನ ಸೂರು, ಇವೆರಡರ ನಡುವೆ ತೆಂಗಿನ ಮರದ ಸೀಳುಗಳನ್ನು ಸಂದು ಬಿಟ್ಟು ಜೋಡಿಸಿದ ಅಟ್ಟ, ಅಟ್ಟದ ತುಂಬ ಕಾಯಿ. ಗೋಡೆ, ತೊಲೆ, ಬಾಗಿಲ ದಾರಂದ ಎಲ್ಲಕ್ಕೂ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು. ಮಾವ ಶಿವನಂಜಪ್ಪನವರಿಗೆ ಆ ಅಟ್ಟವೆಂದರೆ ಪ್ರಾಣ, ಏಕೆಂದರೆ ಅದನ್ನು ಕಟ್ಟಿಸಿದ್ದು ಅವರ ತಂದೆ. ತಿಪಟೂರಿನ ವರ್ತಕರು ನಮ್ಮ ಕೊಬ್ಬರಿಯನ್ನು ಮೂಸಿ ನೋಡಿ ತಲೆದೂಗಿದಾಗಲೆಲ್ಲ ಮಾವ ಹೇಳುತ್ತಿದ್ದುದು ಒಂದೇ ಮಾತು: "ಅಟ್ಟದ ಗುಣ ಕಣಪ್ಪ, ನಮ್ಮಪ್ಪ ಕಟ್ಟಿದ್ದು." ಊರಿನಲ್ಲಿ ಯಾರ ಕೊಬ್ಬರಿ ಕೌಟು ಹಿಡಿದರೂ, ಯಾರ ಕಾಯಿ ಒಳಗೇ ಕೊಳೆತರೂ, ಮಾವ ಹೋಗಿ ಅವರ ಅಟ್ಟದ ಅಳತೆ ನೋಡಿ, ಸಂದು ಹೆಚ್ಚಾಯಿತು, ಸೀಳು ದಪ್ಪವಾಯಿತು ಎಂದು ತೀರ್ಪು ಕೊಟ್ಟು ಬರುತ್ತಿದ್ದರು.

ಆ ಅಟ್ಟದ ಕೆಳಗೆ ಕೂತಿರುತ್ತಿದ್ದವರು ಅತ್ತೆ, ಸಿದ್ದಗಂಗಮ್ಮ. ಹದಿನಾರನೆಯ ವಯಸ್ಸಿನಲ್ಲಿ ಆ ಒಲೆಯ ಮುಂದೆ ಕೂತವರು. ನಾನು ಬರುವ ಹೊತ್ತಿಗೆ ಅವರ ಕೆಮ್ಮು ಮನೆಯ ಒಂದು ವಸ್ತುವೇ ಆಗಿಹೋಗಿತ್ತು, ಅದರ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಾವಿಯಿಂದ ಕೊಡ ಹೊತ್ತು ತರುವಾಗ ಎರಡು ಸಲ ಇಳಿಸಿ, ಎದೆ ಹಿಡಿದು ನಿಂತು, ಮತ್ತೆ ಎತ್ತಿಕೊಳ್ಳುತ್ತಿದ್ದರು. ತವರಿನಲ್ಲಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಬಂದಿದ್ದರೂ ಆ ಮನೆಗೆ ನಾನು ಹೊಸಬಳೇ ಆದ್ದರಿಂದ ನನ್ನ ಕಿವಿಗೆ ಆ ಕೆಮ್ಮು ಇನ್ನೂ ಒಗ್ಗಿರಲಿಲ್ಲ. ಹುಳಿಯಾರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ನನ್ನ ಗಂಡನಿಗೆ ದುಂಬಾಲು ಬಿದ್ದು, ಒಂದು ಭಾನುವಾರ ಅತ್ತೆಯನ್ನು ಚಿಕ್ಕನಾಯಕನಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ಬಹಳ ಹೊತ್ತು ಕೇಳಿದರು. ಔಷಧಿ ಬರೆಯುತ್ತ ಹೇಳಿದರು, ಈ ಔಷಧಿ ಬರೀ ನೆಪ, ಇವರು ಹೊಗೆ ಬಿಡಬೇಕು, ಇನ್ನೊಂದು ಮಳೆಗಾಲ ಆ ಒಲೆ ಮುಂದೆ ಕೂತರೆ ಈ ಉಸಿರನ್ನು ವಾಪಸು ತರುವುದು ನನ್ನ ಕೈಲಾಗುವುದಿಲ್ಲ ಎಂದು. ಅತ್ತೆ ಬಸ್ಸಿನಲ್ಲಿ ಬರುವಾಗ ಆ ಮಾತನ್ನು ತಮಗಲ್ಲ ಇನ್ಯಾರಿಗೋ ಹೇಳಿದ್ದೆಂಬಂತೆ ಕಿಟಕಿಯಾಚೆಯ ಕುರಿಮಂದೆಗಳನ್ನು ನೋಡುತ್ತ ಕೂತಿದ್ದರು. ನಾನು ಮಾತ್ರ ಔಷಧಿಯ ಚೀಟಿಯನ್ನು ಮತ್ತೆ ಮತ್ತೆ ಬಿಚ್ಚಿ ಓದುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಗೋಬರ್ ಗ್ಯಾಸ್ ಕಟ್ಟಿಸುವವರಿಗೆ ಸರ್ಕಾರ ಸಬ್ಸಿಡಿ ಕೊಡುತ್ತಿದ್ದ ಕಾಲ. ನಮ್ಮ ಪುಣ್ಯಕ್ಕೆ ಆ ತಿಂಗಳೇ ಊರಿನ ಶಾಲೆಯ ಜಗಲಿಯಲ್ಲಿ ಒಂದು ಸಭೆ ನಡೆಯಿತು. ಆ ಯೋಜನೆಯ ಪರವಾಗಿ ಬಂದಿದ್ದ ಸೂಪರ್‌ವೈಸರ್ ತೆಳ್ಳಗಿನ, ನಗುಮುಖದ ಮನುಷ್ಯ. ಮೊಪೆಡ್ಡಿನ ಮೇಲೆ ಊರೂರು ತಿರುಗಿ ಮುಖ ಕಂದಿಹೋಗಿತ್ತು. ಸಗಣಿಯ ಗ್ಯಾಸಿನ ಮೇಲೆ ಅಡುಗೆ ಮಾಡುವುದಕ್ಕೆ ಹೆಂಗಸರು ಹೇಸುತ್ತಾರೆಂದು ಅವರಿಗೆ ಯಾರೋ ಹೇಳಿ ಕಳಿಸಿದ್ದರೆಂದು ಕಾಣುತ್ತದೆ. ಗೋವು, ಗೋಮಯ, ಅಂಗಳ ಸಾರಿಸುವುದು, ಪಂಚಗವ್ಯ ಎಂದು ಅರ್ಧ ಗಂಟೆ ಪುರಾಣವನ್ನೇ ಹೇಳಿದರು. ನಮ್ಮೂರಿನ ಹೆಂಗಸರಿಗೆ ಆ ಬಗ್ಗೆ ಅನುಮಾನವೇ ಇರಲಿಲ್ಲ. ಬೆಳಗಾದರೆ ಸಗಣಿಯಲ್ಲಿ ಕೈಯಿಡುವವರು ಹೇಸುವುದೆಲ್ಲಿಂದ ಬಂತು? ಎಲ್ಲರೂ ಸುಮ್ಮನೆ ಕೇಳುತ್ತ ಕೂತಿದ್ದಾಗ ಅತ್ತೆ, ಸಭೆಯಲ್ಲಿ ಬಾಯಿ ತೆರೆಯದ ನನ್ನ ಅತ್ತೆ, ಸೆರಗು ಸರಿಮಾಡಿಕೊಂಡು ಕೇಳಿದರು:

"ಹೊಗೆ ಬರಲ್ವಾ?"

ಸೂಪರ್‌ವೈಸರಿಗೆ ಸ್ವರ್ಗಕ್ಕೆ ಮೂರೇ ಗೇಣು ಎನಿಸಿತು. "ಒಂಚೂರೂ ಬರಲ್ಲ ತಾಯಿ. ಹೊಗೆ ಅನ್ನೋ ಮಾತೇ ಇಲ್ಲ."

"ಒಂಚೂರೂ?"

"ಬಿಳೀ ಪಂಚೆ ತಂದು ಉರಿ ಮ್ಯಾಲೆ ಹಿಡೀರಿ. ಮಸಿ ಹತ್ತಿದ್ರೆ ನಾನೇ ಒಗ್ದು ಕೊಡ್ತೀನಿ!"

ಜನ ನಕ್ಕರು. ಅತ್ತೆ ನಗಲಿಲ್ಲ, ತಲೆ ತಗ್ಗಿಸಿ ಸುಮ್ಮನಾದರು. ನಾನು ಆ ಮೌನವನ್ನು ಸಂತೋಷವೆಂದು ಓದಿಕೊಂಡೆ. ಎಷ್ಟೋ ವರ್ಷಗಳಿಂದ ಹೊಗೆ ಕುಡಿದ ಹೆಂಗಸು, ಇನ್ನು ಮೇಲೆ ಕುಡಿಯಬೇಕಾಗಿಲ್ಲ ಎಂದು ಕೇಳಿ ಮಾತು ಬಾರದೆ ಕೂತಿದ್ದಾರೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಪಿಯುಸಿ ಓದಿದವಳ ಕಣ್ಣೀರು ನೋಡಿ, ಎಷ್ಟು ಸಲೀಸಾಗಿ ಬರುತ್ತದೆ.

ಅರ್ಜಿ ಬರೆದವಳು ನಾನೇ. ಹಿತ್ತಲ ಕಟ್ಟೆಯ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಮಾವನಿಂದ ಕೇಳಿ ಕೇಳಿ ತುಂಬಿಸಿದೆ. ಅರ್ಜಿದಾರರ ಹೆಸರು, ಸರ್ವೆ ನಂಬರು, ದನಗಳೆಷ್ಟು, ದಿನಕ್ಕೆ ಸಗಣಿ ಎಷ್ಟು ಬುಟ್ಟಿ, ಈಗ ಬಳಸುತ್ತಿರುವ ಉರುವಲು ಯಾವುದು, ಊಟ ಮಾಡುವವರು ಎಷ್ಟು ಜನ. ಮಾವ ಲೆಕ್ಕ ತಪ್ಪಬಾರದೆಂದು ಕೊಟ್ಟಿಗೆಗೆ ಹೋಗಿ ನೋಡಿಕೊಂಡು ಬಂದರು. "ಕರೂನೂ ಬರ್ಕಳಮ್ಮ, ಅದೇನು ಹಾಕಾಕಿಲ್ವಾ?" ಎಂದರು. ಉರುವಲಿನ ಮುಂದೆ ನಾನು ದುಂಡಗೆ ಬರೆದೆ: ತೆಂಗಿನ ಮಟ್ಟೆ, ಗರಿ, ಚಿಪ್ಪು. ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂಬ ಪ್ರಶ್ನೆಗೆ: ಅಡುಗೆಗೆ. ಆ ಒಂದು ಪದದ ಮುಂದೆ ಪೂರ್ಣವಿರಾಮ ಇಟ್ಟು ಮುಂದಿನ ಪ್ರಶ್ನೆಗೆ ಹೋದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅತ್ತೆ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು. "ಏನತ್ತೆ?" ಎಂದೆ. "ಏನಿಲ್ಲ ಬುಡು," ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದರು.

ಯಾಕೆ ಹೇಳಲಿಲ್ಲ ಎಂದು ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಅಷ್ಟು ದಿನ ಯಾರೂ ಗಮನಿಸದಿದ್ದ ಒಬ್ಬ ಹೆಂಗಸಿನ ಸುತ್ತ ಇದ್ದಕ್ಕಿದ್ದಂತೆ ಇಡೀ ಮನೆ ಓಡಾಡುತ್ತಿತ್ತು. ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ, ಸೊಸೆ ಅರ್ಜಿ ಬರೆಯುತ್ತಿದ್ದಳು, ಗಂಡ ದನ ಎಣಿಸುತ್ತಿದ್ದರು, ಸರ್ಕಾರ ಹಣ ಕೊಡುತ್ತಿತ್ತು. ಎಲ್ಲವೂ ನಿನ್ನ ಎದೆಗಾಗಿ ಎಂದು ಎಲ್ಲರೂ ಹೇಳುತ್ತಿರುವಾಗ, ನನಗೆ ಹೊಗೆ ಬೇಕು ಎಂದು ಯಾವ ಬಾಯಲ್ಲಿ ಹೇಳುವುದು? ಉಪಕಾರ ಮಾಡುವವರ ಉತ್ಸಾಹಕ್ಕೆ ಎದುರು ಹೇಳುವುದು ಬಹಳ ಕಷ್ಟ. ಬೈಯುವವರಿಗೆ ಉತ್ತರ ಕೊಡಬಹುದು, ಪ್ರೀತಿಯಿಂದ ತಪ್ಪು ಮಾಡುವವರಿಗೆ ಕೊಡಲಾಗುವುದಿಲ್ಲ.

ಬೇಸಿಗೆಯಲ್ಲಿ ಹಿತ್ತಲಲ್ಲಿ ಗುಂಡಿ ತೋಡಿದರು, ಇಟ್ಟಿಗೆಯ ಗುಮ್ಮಟ ಎದ್ದಿತು, ಅದರ ಮೇಲೆ ಮಣ್ಣು ಮುಚ್ಚಿದರು. ವಾರಗಟ್ಟಲೆ ಸಗಣಿ ಕಲಸಿ ಸುರಿದೆವು. ಕೊನೆಗೊಂದು ದಿನ ಅಡುಗೆಮನೆಯ ಹೊಸ ಒಲೆಯಲ್ಲಿ ಕಡ್ಡಿ ಗೀರಿದಾಗ ನೀಲಿ ಉರಿ ಪಟ್ಟೆಂದು ಹತ್ತಿಕೊಂಡಿತು. ಎಂಥ ಅಚ್ಚುಕಟ್ಟಾದ ಉರಿ ಅದು, ಊದುವ ಹಾಗಿಲ್ಲ, ಕೆದಕುವ ಹಾಗಿಲ್ಲ! ಅದೇ ಹೊತ್ತಿಗೆ ಹೊರಗೆ ಸೂಪರ್‌ವೈಸರ್ ಮಾವನಿಗೆ ರುಮಾಲು ಸುತ್ತಿಸಿ, ಬಣ್ಣದಲ್ಲಿ ನಂಬರು ಬರೆದ ಗುಂಡಿಯ ಪಕ್ಕ ನಿಲ್ಲಿಸಿ, ಕಡತಕ್ಕೆ ಬೇಕಾದ ಫೋಟೊ ತೆಗೆಸಿದರು. ಹಳೆಯ ಒಲೆಯನ್ನು ಒಡೆದು ಹಾಕೋಣವೆಂದು ನನ್ನ ಗಂಡ ಹಾರೆ ತಂದರೆ ಅತ್ತೆ ಅಡ್ಡ ಬಂದರು. "ಇರ್ಲಿ ಬುಡಪ್ಪ, ಹಬ್ಬಕ್ಕೆ ಒಬ್ಬಟ್ಟು ಮಾಡಾಕಾಯ್ತದೆ." ಹಳೇ ಕಾಲದವರ ಮೋಹ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಆ ಎರಡು ತಿಂಗಳು ನಮ್ಮ ಮನೆಯ ಸುವರ್ಣಯುಗ. ಗೋಡೆಗೆ ಸುಣ್ಣ ಬಳಿದೆವು, ಅದು ಬಿಳಿಯಾಗಿಯೇ ಉಳಿಯಿತು. ಅತ್ತೆಯ ಕೆಮ್ಮು ತಗ್ಗಿತು, ಕೊಡ ಇಳಿಸುವುದು ಎರಡು ಸಲದಿಂದ ಒಂದಕ್ಕೆ ಬಂತು. ಗುಂಡಿಯಿಂದ ಹೊರಬಂದ ಬಗ್ಗಡ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರವೂ ಆಯಿತು. ನಾನು ತವರಿಗೆ ಕಾಗದ ಬರೆದಾಗಲೆಲ್ಲ ನೀಲಿ ಉರಿಯ ವರ್ಣನೆಯೇ ಒಂದು ಪುಟ ತುಂಬುತ್ತಿತ್ತು.

ಆಷಾಢ ಹಿಡಿಯಿತು. ನಮ್ಮ ಕಡೆ ಮಳೆ ಸುರಿಯುವುದು ಕಡಿಮೆ, ಆದರೆ ಮೋಡ ಕವಿದು ಗಾಳಿಯಲ್ಲಿ ತೇವ ನಿಂತುಬಿಡುತ್ತದೆ. ಒಂದು ಬೆಳಿಗ್ಗೆ ಮಾವ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿದರು. ಕುಲುಕುಲು ಎಂದಿತು. ಇನ್ನೊಂದು, ಮತ್ತೊಂದು, ಎಲ್ಲವೂ ಕುಲುಕುಲು. ಆ ಹೊತ್ತಿಗೆ ಅರ್ಧಕ್ಕರ್ಧ ಇಂಗಿರಬೇಕಾದ ನೀರು ಇದ್ದ ಹಾಗೆಯೇ ಇತ್ತು. ನಾಲ್ಕು ಕಾಯಿ ಕೆಳಗಿಳಿಸಿ ಒಡೆದರೆ ಎರಡರಲ್ಲಿ ತಿರುಳಿಗೆ ಹಸಿರು ಬೂಷ್ಟು, ಮನೆಯೆಲ್ಲ ಕೌಟು ವಾಸನೆ. ಮಾವ ಮಳೆಯನ್ನು ಬೈದರು, ಮರವನ್ನು ಬೈದರು, ಕಾಯಿ ಕೀಳುವವನು ಎಳೆಯದನ್ನೇ ಕಿತ್ತನೆಂದು ಅವನನ್ನು ಕರೆಸಿ ಬೈದರು. ಹೆಂಚು ಸೋರುತ್ತದೆಂದು ಹೆಂಚನ್ನೂ ತಿರುವಿ ಹಾಕಿಸಿದರು. ಅವರ ಬಾಯಿಂದ ಬೈಗುಳ ತಪ್ಪಿಸಿಕೊಂಡದ್ದು ಅಟ್ಟ ಒಂದೇ. ಒಂದು ವರ್ಷದ ಕಾಯಿ ಅದು, ಮನೆಯ ಇಡೀ ವರ್ಷದ ಅನ್ನ. ರಾತ್ರಿ ಊಟಕ್ಕೆ ಕೂತರೆ ಮಾವ ಮುದ್ದೆ ಮುರಿಯುವುದನ್ನೂ ಮರೆತು ಮೇಲೆ ನೋಡುತ್ತ ಕೂತುಬಿಡುತ್ತಿದ್ದರು. ಅತ್ತೆ ಅವರನ್ನು ನೋಡುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ ಮಾವ ಮತ್ತೆ ಅಟ್ಟ ಹತ್ತಿದರು, ಕೆಳಗಿಳಿಯುವಾಗ ಮುಖ ಅರಳಿತ್ತು. ಕೆಟ್ಟದ್ದು ಕೆಟ್ಟಿತ್ತು, ಆದರೆ ಉಳಿದವು ಹಗುರವಾಗತೊಡಗಿದ್ದವು. "ನೋಡ್ದಾ? ನಮ್ಮಪ್ಪ ಕಟ್ಟಿದ ಅಟ್ಟ. ಒಸಿ ತಡ ಮಾಡ್ತು ಅಷ್ಟೇಯ, ಕೈ ಬುಡ್ಲಿಲ್ಲ," ಎಂದು ನನಗೆ ಹೇಳಿ ತೋಟಕ್ಕೆ ಹೋದರು.

ಈಗ ನನ್ನ ತಪ್ಪೊಪ್ಪಿಗೆ. ಆ ಹದಿನೈದು ದಿನದಲ್ಲಿ ಏನಾಯಿತೆಂದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಅತ್ತೆಯ ಸೀರೆ ಒಗೆಯಲು ನೆನೆಹಾಕಿದಾಗ ನೀರಿನಿಂದ ಮಟ್ಟೆಯ ಹೊಗೆಯ ವಾಸನೆ ಎದ್ದಿತು. ಹಬ್ಬವೂ ಇಲ್ಲ, ಒಬ್ಬಟ್ಟೂ ಇಲ್ಲ. ಮಾರನೆಯ ದಿನ ಮಾವ ತೋಟಕ್ಕೆ ಹೋದ ಮೇಲೆ, ನಾನು ಮಗುವನ್ನು ಮಲಗಿಸಲು ನಡುಮನೆಗೆ ಹೋದ ಮೇಲೆ, ಅಡುಗೆಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು ಕೇಳಿಸಿತು. ಆಮೇಲೆ ಕೆಮ್ಮು. ಅತ್ತೆ ಹೊಗೆ ಹಾಕುತ್ತಿರುವುದು ಅಟ್ಟದ ಕಾಯಿಗೆ ಎಂದು ಆಗ ಹೊಳೆಯಿತು. ನಾನು ಎದ್ದು ಹೋಗಬೇಕಿತ್ತು. ಬಾಗಿಲು ದೂಡಿ, ಡಾಕ್ಟರ ಮಾತು ಜ್ಞಾಪಕವಿಲ್ಲವೇ ಎಂದು ಕೇಳಬೇಕಿತ್ತು. ಹೋಗಲಿಲ್ಲ. ಯಾಕೆಂದರೆ ಅಟ್ಟದ ಕಾಯಿ ಒಣಗುವುದು ನನಗೂ ಬೇಕಿತ್ತು. ಅರ್ಜಿ ಬರೆದವಳು ನಾನು, ಕಾಯಿ ಹಾಳಾದರೆ ಆ ದೂರು ಸುತ್ತಿ ಬಂದು ನನ್ನ ತಲೆಯ ಮೇಲೆಯೇ ಕೂರುತ್ತಿತ್ತು. ಈ ಒಂದು ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದುಕೊಂಡೆ. ಡಾಕ್ಟರು ಹೇಳಿದ್ದೂ ಆ ಒಂದು ಮಳೆಗಾಲದ ಮಾತನ್ನೇ ಎಂಬುದು ನನಗೆ ಮರೆತಿರಲಿಲ್ಲ. ಮಗುವಿನ ತೊಟ್ಟಿಲು ತೂಗುತ್ತ ಬಾಗಿಲಾಚೆಯ ಕೆಮ್ಮನ್ನು ಎಣಿಸಿದ ಆ ಮಧ್ಯಾಹ್ನಗಳನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸರ್ಕಾರವನ್ನು ಹಳಿಯಲು ಇದನ್ನೆಲ್ಲ ಹೇಳುತ್ತಿಲ್ಲ ಎಂದು ದಯವಿಟ್ಟು ತಿಳಿಯಿರಿ. ಆ ಸಬ್ಸಿಡಿ ಬಾರದಿದ್ದರೆ ನಾವು ಗುಂಡಿ ತೋಡುತ್ತಲೇ ಇರಲಿಲ್ಲ. ಅರ್ಜಿ ಕೇಳಿದ್ದು ಬೆಂಕಿ ಏನು ಬೇಯಿಸುತ್ತದೆ ಎಂದು, ನಾನು ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟೆ. ಹೊಗೆ ಏನು ಮಾಡುತ್ತದೆ ಎಂದು ಅದು ಕೇಳಲಿಲ್ಲ, ಕೇಳಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಸಂಸಾರದಲ್ಲಿ ಎಷ್ಟೋ ಕೆಲಸಗಳು ಇನ್ನೊಂದು ಕೆಲಸದ ಬೆನ್ನಿಗೆ ಅಂಟಿಕೊಂಡೇ ನಡೆದುಬಿಡುತ್ತವೆ. ಅವಕ್ಕೆ ಬೇರೆ ಹೆಸರಿಲ್ಲ, ಬೇರೆ ಹೊತ್ತಿಲ್ಲ, ಮಾಡುವವರು ಯಾರೆಂದು ಕೇಳಿದರೆ ತಾನಾಗಿ ಆಗುತ್ತದೆ ಎನ್ನುತ್ತೇವೆ. ತಾನಾಗಿ ಆಗುವ ಕೆಲಸದ ಹಿಂದೆ ಒಬ್ಬರು ಕೂತಿರುತ್ತಾರೆಂದು ತಿಳಿಯಬೇಕಾದರೆ ಅವರು ಏಳಬೇಕು. ನಮ್ಮ ಮನೆಯಲ್ಲಿ ಎದ್ದವರು ಮತ್ತೆ ಹೋಗಿ ಕೂತರು, ಅದೂ ಬಾಗಿಲು ಹಾಕಿಕೊಂಡು.

ಶ್ರಾವಣದ ಒಂದು ಮಧ್ಯಾಹ್ನ ಸೂಪರ್‌ವೈಸರ್ ಬಂದರು. ಸಬ್ಸಿಡಿಯ ಕೊನೆಯ ಕಂತು ಬಿಡುಗಡೆಯಾಗುವ ಮುಂಚೆ ಗ್ಯಾಸು ನಿಜವಾಗಿ ಬಳಕೆಯಲ್ಲಿದೆಯೇ ಎಂದು ಕಣ್ಣಾರೆ ನೋಡಿ ಬರೆಯಬೇಕಿತ್ತಂತೆ. ತೋಟದ ದಾರಿಯಲ್ಲಿ ಮಾವ ಸಿಕ್ಕಿದ್ದರು, ಇಬ್ಬರೂ ಮಾತಾಡುತ್ತ ಹಿತ್ತಲ ಕಡೆಯಿಂದ ನೇರವಾಗಿ ಅಡುಗೆಮನೆಗೆ ಬಂದರು. ನಾನು ನಡುಮನೆಯಿಂದ ಓಡಿ ಬರುವಷ್ಟರಲ್ಲಿ ಮಾವ ಬಾಗಿಲು ದೂಡಿಯಾಗಿತ್ತು.

ಒಳಗೆ ಗವ್ವೆನ್ನುವ ಹೊಗೆ. ಬಳಿದ ಸುಣ್ಣ ಮಬ್ಬಾಗಿತ್ತು. ಹಳೆಯ ಒಲೆಯಲ್ಲಿ ಒದ್ದೆ ಮಟ್ಟೆ ಕಮರುತ್ತಿತ್ತು, ಎರಡು ಬಾಯಿಯ ಮೇಲೂ ಪಾತ್ರೆಯಿಲ್ಲ. ಅದರ ಮುಂದೆ ಅತ್ತೆ ಮೂಗಿಗೆ ಸೆರಗು ಹಿಡಿದು ಕೂತಿದ್ದರು. ಪಕ್ಕದಲ್ಲಿ ಗ್ಯಾಸಿನ ಒಲೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಸೂಪರ್‌ವೈಸರ್ ನೇರವಾಗಿ ಹೋಗಿ ಗ್ಯಾಸಿನ ತಿರುಪು ತಿರುಗಿಸಿ ಕಡ್ಡಿ ಗೀರಿದರು. ನೀಲಿ ಉರಿ ಹತ್ತಿಕೊಂಡಿತು. ಅದನ್ನು ನೋಡಿದರು, ಪಕ್ಕದ ಒಲೆಯನ್ನು ನೋಡಿದರು.

"ಏನ್ ತಾಯಿ ಇದು, ಗ್ಯಾಸು ಇಷ್ಟು ಚೆನ್ನಾಗ್ ಬರ್ತಾ ಐತೆ, ಇದನ್ಯಾಕೆ ಹಚ್ಚಿದೀರಿ? ಮ್ಯಾಲೆ ಪಾತ್ರೆನೂ ಇಲ್ಲ?"

ಅತ್ತೆ ಹೇಳಲು ಹೊರಟರು, ಕೆಮ್ಮು ಬಿಡಲಿಲ್ಲ. ಕೈಯೆತ್ತಿ ಅಟ್ಟ ತೋರಿಸಿದರು. ಉಸಿರು ಹತೋಟಿಗೆ ಬಂದ ಮೇಲೆ ಹೇಳಿದರು: "ಕಾಯ್ಗೆ ಕಣಪ್ಪ. ಮೋಡ ಮುಚ್ಕಂಡಾಗ ಅವಕ್ಕೆ ಹೊಗೆ ಬೇಕು. ಇಲ್ದಿದ್ರೆ ಒಣಗಾಕಿಲ್ಲ."

"ಅಲ್ಲಾ, ಅವತ್ತು ಸಭೇಲೇ ಹೇಳೋದಲ್ವಾ ತಾಯಿ?"

"ಕೇಳಿದ್ನಲ್ಲಪ್ಪ, ಹೊಗೆ ಬರಲ್ವಾ ಅಂತ. ಎಲ್ಡು ಸತಿ ಕೇಳ್ದೆ."

ಸೂಪರ್‌ವೈಸರ್ ಗ್ಯಾಸಿನ ತಿರುಪನ್ನು ಮತ್ತೆ ಮುಚ್ಚಿದರು. ನಾನಂತೂ ಬಾಗಿಲಿಗೆ ಆತುಕೊಂಡು ನೆಲ ನೋಡುತ್ತಿದ್ದೆ. ಮಾವ ಒಬ್ಬರೇ ತಲೆಯೆತ್ತಿ ಅಟ್ಟವನ್ನೇ ನೋಡುತ್ತಿದ್ದರು. ಸಂದುಗಳಲ್ಲಿ ಹೊಗೆ ನುಗ್ಗಿ ಕಾಯಿಗಳ ನಡುವೆ ಹರಡಿ ಹೆಂಚಿನ ಕೆಳಗೆ ಸುತ್ತುತ್ತಿತ್ತು.

"ಅಂಗಾರೆ ಅಟ್ಟ?" ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ಅಟ್ಟ ಹಿಡ್ಕಂಡಿರ್ತದೆ ಕಣ್ರೀ. ಒಣಗ್ಸಾದು ಹೊಗೆ."

ಅದರಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದರು, ಅಷ್ಟೆ. ಆದರೆ ಮಾವ ರುಮಾಲು ತೆಗೆದು, ಮತ್ತೆ ಸುತ್ತಿಕೊಳ್ಳದೆ ಕೈಯಲ್ಲೇ ಹಿಡಿದು ಹೊರಗೆ ಹೋದರು. ಎಷ್ಟು ವರ್ಷ ತಿಪಟೂರಿನಲ್ಲಿ ಅಪ್ಪನ ಹೆಸರು ಹೇಳಿಕೊಂಡು ಬಂದಿದ್ದರೋ ಅಷ್ಟೂ ವರ್ಷ ಆ ಕ್ಷಣದಲ್ಲಿ ಅವರ ಎದುರು ನಿಂತಿರಬೇಕು. ಸೂಪರ್‌ವೈಸರ್ ಚೀಲದಿಂದ ಕಾಗದ ತೆಗೆದು, ಗ್ಯಾಸು ಬಳಕೆಯಲ್ಲಿದೆಯೇ ಎಂಬುದರ ಮುಂದೆ ಹೌದು ಎಂದು ಬರೆದರು. "ಹೊಗೆ ವಿಚಾರ ಬರಿಯೋಕೆ ಇದ್ರಲ್ಲಿ ಜಾಗ ಇಲ್ಲ ಕಣಮ್ಮ," ಎಂದು ನನಗೆ ಹೇಳಿ, ಅದೇ ನೀಲಿ ಉರಿಯಲ್ಲಿ ನಾನು ಕಾಸಿಕೊಟ್ಟ ಕಾಫಿ ಕುಡಿದು ಹೊರಟರು. ಹೋಗುವಾಗ ಅಂಗಳದಲ್ಲಿ ನಿಂತು, ಹೊಗೆ ಹಾಕಲೇಬೇಕಾದರೆ ಅಡುಗೆಮನೆಯಲ್ಲೇ ಯಾಕೆ, ಅದಕ್ಕೆ ಆ ತಾಯಿಯೇ ಯಾಕೆ ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ಜಗಲಿಯ ಮೇಲೆ ಕೂತಿದ್ದ ಮಾವನಿಗೆ ಅದು ಕೇಳಿಸಿತು.

ಮಾರನೆಯ ದಿನ ಮಾವ ತೋಟಕ್ಕೆ ಹೋಗಲಿಲ್ಲ. ಗಾಡಿ ನಿಲ್ಲಿಸುವ ಕೊಟ್ಟಿಗೆಯಿಂದ ಗಾಡಿಯನ್ನು ಆಚೆಗೆ ಎಳೆದರು, ಬಿದ್ದ ತೆಂಗಿನ ಮರವೊಂದನ್ನು ಸೀಳಿಸಿದರು, ನಾಲ್ಕು ದಿನದಲ್ಲಿ ಆಳೆತ್ತರಕ್ಕೆ ಹೊಸದೊಂದು ಅಟ್ಟ ಎದ್ದಿತು. ಸುತ್ತ ಗರಿಯ ತಡಿಕೆ. ಭಾನುವಾರ ನನ್ನ ಗಂಡ, ನಾನು, ಮಾವ ಮೂವರೂ ಬುಟ್ಟಿ ಬುಟ್ಟಿ ಕಾಯಿ ಇಳಿಸಿ ಅಲ್ಲಿಗೆ ಹೊತ್ತೆವು. ಅತ್ತೆ ಹಿಂದೆ ಮುಂದೆ ಓಡಾಡಿದರು, ಗಾಳಿ ಜಾಸ್ತಿ, ತಡಿಕೆ ಸಾಲದು, ಅಲ್ಲಿ ಕೂತು ಹೊಗೆ ನೋಡಿಕೊಳ್ಳುವವರು ಯಾರು ಎಂದರು. "ನಾನು," ಎಂದರು ಮಾವ. ಅಪ್ಪ ಕಟ್ಟಿದ ಅಟ್ಟ ಖಾಲಿಯಾಗಿ, ಸಂದುಗಳಿಂದ ಹೆಂಚಿನ ಬೆಳಕು ಒಲೆಯ ಮೇಲೆ ಬಿತ್ತು. ಹಾರೆ ತಂದು ಆ ಒಲೆಯನ್ನು ಒಡೆದವರೂ ಮಾವನೇ. ಈ ಸಲ ಅತ್ತೆ ಅಡ್ಡ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಸೋಲಾರ್ ದೀಪಕ್ಕೆ, ಸೋಲಾರ್ ನೀರೊಲೆಗೆ, ಇನ್ನೂ ಏನೇನಕ್ಕೋ ಸಬ್ಸಿಡಿಯ ಅರ್ಜಿಗಳು ಬಂದವು. ಎಲ್ಲವನ್ನೂ ನಾನೇ ಬರೆದೆ, ಅಕ್ಷರ ಈಗಲೂ ದುಂಡಗಿದೆ. ಆದರೆ ಪೆನ್ನು ತೆಗೆಯುವ ಮುಂಚೆ ಅತ್ತೆಯ ಹತ್ತಿರ ಹೋಗಿ ಕೂತು, ಇದು ಬಂದರೆ ಮನೆಯಲ್ಲಿ ಏನೇನು ನಿಂತುಹೋಗುತ್ತದೆ ಹೇಳಿ ಎಂದು ಕೇಳುವುದನ್ನು ಕಲಿತೆ. ಮೊದಮೊದಲು "ನಂಗೇನು ಗೊತ್ತು ಕಣೇ" ಎನ್ನುತ್ತಿದ್ದರು. ನಾನು ಏಳದೆ ಕೂತಿದ್ದರೆ ಮೆಲ್ಲಗೆ ಒಂದೊಂದೇ ಹೊರಬರುತ್ತಿತ್ತು. ಒಲೆ ಒಡೆದ ಆ ವರ್ಷವೇ ದೀಪಾವಳಿಯ ಹೊತ್ತಿಗೆ ಅವರು ಬಾವಿಯಿಂದ ಕೊಡವನ್ನು ಎಲ್ಲೂ ಇಳಿಸದೆ ತರುತ್ತಿದ್ದರು. ಡಾಕ್ಟರು ಮತ್ತೆ ಎದೆಗೆ ಕೊಳವೆ ಇಟ್ಟು, ಹೋದಷ್ಟು ಹೋಯಿತು, ಉಳಿದದ್ದು ಉಳಿಯಿತು ಎಂದರು. ಆ ಮಾತು ಕೇಳಿ ನಾನು ಅಲ್ಲಿಯೇ ಅತ್ತುಬಿಟ್ಟೆ. ಅದು ಅಷ್ಟು ಸಲೀಸಾದ ಅಳುವಾಗಿರಲಿಲ್ಲ.

ಹೊಸ ಅಟ್ಟಕ್ಕೆ ಮಾವ ಮೊದಲ ಸಲ ಹೊಗೆ ಹಾಕಿದ ದಿನವನ್ನು ಹೇಳಿ ಮುಗಿಸುತ್ತೇನೆ. ಬೆಂಕಿ ಹಚ್ಚಿ ಅಭ್ಯಾಸವಿಲ್ಲದ ಕೈ. ಒಣ ಮಟ್ಟೆಯನ್ನೇ ರಾಶಿ ಹಾಕಿದ್ದರಿಂದ ಉರಿ ಭಗ್ಗನೆ ಎದ್ದಿತು. ಅಂಗಳದಲ್ಲಿ ದೂರ ನಿಂತಿದ್ದ ಅತ್ತೆ ಕೂಗಿದರು: "ಉರಿ ಬ್ಯಾಡ ಕಣ್ರೀ, ಸುಟ್ಟೋಯ್ತವೆ! ನೀರು ಚಿಮುಕ್ಸಿ, ಬರೀ ಕಮರ್ಲಿ!" ಮಾವ ನೀರು ಚಿಮುಕಿಸಿದರು. ಬಿಳಿಯ ದಪ್ಪ ಹೊಗೆ ಎದ್ದು ಇಡೀ ಕೊಟ್ಟಿಗೆ ತುಂಬಿತು, ಮಾವ ಕಾಣದೇ ಹೋದರು. ಒಳಗಿನಿಂದ ಕೆಮ್ಮು ಕೇಳಿಸಿತು. ಅತ್ತೆ ಒಂದು ಹೆಜ್ಜೆ ಮುಂದಿಟ್ಟರು, ನಾನು ಕೈ ಹಿಡಿದು ನಿಲ್ಲಿಸಿದೆ. ಗಡಿಯಾರ ನೋಡಿದ್ದರೆ ಕಾಲು ಗಂಟೆಯೂ ಆಗಿರಲಿಕ್ಕಿಲ್ಲ, ಮಾವ ತಡಿಕೆ ಸರಿಸಿ ಹೊರಗೆ ಬಂದರು. ಕಣ್ಣು ಕೆಂಡದ ಹಾಗಿತ್ತು, ಮೂಗು ಬಾಯಲ್ಲೆಲ್ಲ ನೀರು. ಜಗಲಿಯ ಕಂಬ ಹಿಡಿದು ನಿಂತು, ಏನೋ ಕೇಳಬೇಕೆಂದು ಅತ್ತೆಯ ಮುಖ ನೋಡಿದರು, ಕೆಮ್ಮುತ್ತ ಎರಡು ಕೈಯಿಂದ ಕಣ್ಣು ಉಜ್ಜಿಕೊಳ್ಳತೊಡಗಿದರು.

ಅತ್ತೆ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದರು. "ಉಜ್ಜಬ್ಯಾಡಿ," ಎಂದರು. "ಉಜ್ಜಿದ್ರೆ ಇನ್ನೂ ಉರೀತದೆ. ನೀರು ತಗಂಡು ಕಣ್ಣು ಬುಟ್ಕಂಡೇ ಇರಿ, ಒಂದ್ ಗಳಿಗೆ. ಆಮ್ಯಾಕೆ ಸರೋಯ್ತದೆ."

ಮಾವ ಹಾಗೆಯೇ ಮಾಡಿದರು.